ಪರರ ಗೆರೆ, ನಮ್ಮ ಗರಗಸ: ಸ್ಟೀವ್ ಗುಡ್ ಅವರ ಉಚಿತ ವಿನ್ಯಾಸ ಸಂಗ್ರಹದ ವಿಮರ್ಶೆ

ಸ್ಕ್ರೋಲ್ ಸಾ ಯಂತ್ರವನ್ನು ಕೊಂಡವರಿಗೆ ಯಾವ ಮರ, ಯಾವ ಬ್ಲೇಡ್ ಎಂಬ ಪ್ರಶ್ನೆಗಳು ಬಹುಬೇಗ ಬಗೆಹರಿಯುತ್ತವೆ. ಏನನ್ನು ಕತ್ತರಿಸಬೇಕು ಎಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿಯುತ್ತದೆ. ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತಿರುವಾಗ ಹಲಗೆಯನ್ನು ಕೈಯಿಂದ ತಿರುಗಿಸುತ್ತ ಗೆರೆಯ ಮೇಲೆ ಸಾಗುವ ಈ ಕೆಲಸದಲ್ಲಿ ಎಲ್ಲವೂ ಆ ಗೆರೆಯನ್ನೇ ಅವಲಂಬಿಸಿದೆ, ಆದರೆ ಹೊಸದಾಗಿ ಕಲಿಯುವ ಹೆಚ್ಚಿನವರಿಗೆ ಗೆರೆ ಎಳೆಯುವ ಅಭ್ಯಾಸ ಇರುವುದಿಲ್ಲ. ಆಗ ಅವರು ಬೇರೆಯವರು ಬರೆದಿಟ್ಟ ವಿನ್ಯಾಸಗಳ ಕಡೆಗೆ ತಿರುಗುತ್ತಾರೆ. ಹಾಗೆ ತಿರುಗಿದವರಿಗೆ ದೊರೆಯುವ ಸೇವೆಗಳಲ್ಲಿ ಅಮೆರಿಕದ ಸ್ಟೀವ್ ಗುಡ್ ಅವರು ‘ಸ್ಕ್ರೋಲ್ ಸಾ ವರ್ಕ್‌ಶಾಪ್’ ಎಂಬ ಹೆಸರಿನಲ್ಲಿ ವರ್ಷಗಳಿಂದ ಉಚಿತವಾಗಿ ನೀಡುತ್ತ ಬಂದಿರುವ ಸಂಗ್ರಹ ಬಹಳ ದೊಡ್ಡದು ಮತ್ತು ಜಗತ್ತಿನ ಹಲವೆಡೆ ಬಳಕೆಯಲ್ಲಿರುವುದು. ಆ ಸಂಗ್ರಹವನ್ನು ಕನ್ನಡ ನಾಡಿನ ಮರಗೆಲಸದ ಹವ್ಯಾಸಿಗಳ ಕಣ್ಣಿನಿಂದ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇಂಥ ಸೇವೆಯನ್ನು ಅಳೆಯಲು ನನ್ನ ಬಳಿ ಎರಡು ಅಳತೆಗಳಿವೆ. ಆ ವಿನ್ಯಾಸದಿಂದ ನಾನು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆಯೇ ಎಂಬುದು ಮೊದಲನೆಯದು. ಅದನ್ನು ಬಳಸುತ್ತ ಹೋದವರಿಗೆ ತಮ್ಮದೇ ಗೆರೆ ಎಳೆಯುವ ಶಕ್ತಿ ಬರುತ್ತದೆಯೇ, ಅಥವಾ ಅವರು ಕೊನೆಯವರೆಗೂ ಇನ್ನೊಬ್ಬರ ಕಾಗದವನ್ನು ಕಾಯುತ್ತ ಕೂರುತ್ತಾರೆಯೇ ಎಂಬುದು ಎರಡನೆಯದು. ವಿನ್ಯಾಸಗಳ ಸಂಖ್ಯೆ, ಅಂದ, ವೈವಿಧ್ಯ ಎಲ್ಲವೂ ಇವುಗಳ ನಂತರ ಬರುತ್ತವೆ.

ಸಂಗ್ರಹದಲ್ಲಿ ಸಾವಿರಾರು ವಿನ್ಯಾಸಗಳಿವೆ. ಗಡಿಯಾರದ ಚೌಕಟ್ಟು, ಪಜಲ್, ಬುಟ್ಟಿ, ಹಬ್ಬದ ಅಲಂಕಾರಗಳು, ಅಕ್ಷರ ಫಲಕಗಳು, ಪ್ರಾಣಿಗಳು ಹೀಗೆ ಅದರ ವ್ಯಾಪ್ತಿ ದೊಡ್ಡದು. ಎಲ್ಲವೂ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಮನೆಯಲ್ಲೋ ಬೀದಿಯ ಜೆರಾಕ್ಸ್ ಅಂಗಡಿಯಲ್ಲೋ ಮುದ್ರಿಸಿ, ಹಲಗೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಕಾಗದವನ್ನು ಅಂಟಿಸಿದರೆ ಕೆಲಸ ಆರಂಭಿಸಬಹುದು. ಕ್ರಿಸ್‌ಮಸ್, ಹ್ಯಾಲೋವೀನ್, ಅಮೆರಿಕದ ಸೈನಿಕರ ಗೌರವ ಫಲಕ ಮೊದಲಾದವು ನಮ್ಮಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರವು. ಅವು ಆ ದೇಶದ ಬದುಕಿಗೆ ಸೇರಿದವು, ಆದ್ದರಿಂದ ಅದನ್ನು ಕೊರತೆಯೆಂದು ಎಣಿಸಬಾರದು.

ಮುದ್ರಣದ ವಿಷಯದಲ್ಲಿ ಮಾತ್ರ ಇಲ್ಲಿಯವರು ಎಚ್ಚರ ವಹಿಸಬೇಕು. ಅಮೆರಿಕದ ವಿನ್ಯಾಸಗಳು ಲೆಟರ್ ಅಳತೆಯ ಕಾಗದಕ್ಕೆ, ಅಂದರೆ 8.5 ಇಂಚು ಅಗಲ ಮತ್ತು 11 ಇಂಚು ಉದ್ದದ ಹಾಳೆಗೆ, ಸಿದ್ಧವಾಗಿರುತ್ತವೆ. ನಮ್ಮ ಎ4 ಹಾಳೆಯ ಅಗಲ 210 ಮಿಲಿಮೀಟರ್, ಲೆಟರ್ ಹಾಳೆಯದು ಸುಮಾರು 216. ಹಾಳೆಗೆ ಹೊಂದಿಸಿ ಮುದ್ರಿಸುವ ಆಯ್ಕೆಯನ್ನು ಹಾಗೇ ಬಿಟ್ಟರೆ ಇಡೀ ಚಿತ್ರ ಸ್ವಲ್ಪ ಕುಗ್ಗುತ್ತದೆ. ಗೋಡೆಗೆ ತೂಗುಹಾಕುವ ಫಲಕಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಒಂದು ಹಲಗೆಯ ಗಾಡಿಗೆ, ಅಂದರೆ ಅದರಲ್ಲಿ ಕೊರೆದ ಸಂದಿಗೆ, ಇನ್ನೊಂದು ಹಲಗೆ ಕೂರಬೇಕಾದ ಪೆಟ್ಟಿಗೆ, ಬುಟ್ಟಿ, ಸ್ಟ್ಯಾಂಡ್‌ಗಳಲ್ಲಿ ಗಾಡಿ ಕಿರಿದಾಗುತ್ತದೆ, ಹಲಗೆಯ ದಪ್ಪ ಮಾತ್ರ ಕುಗ್ಗುವುದಿಲ್ಲ. ಅಲ್ಲದೆ ಅಲ್ಲಿಯ ಕಾಲು ಇಂಚಿನ ಹಲಗೆ ಎಂದರೆ 6.35 ಮಿಲಿಮೀಟರ್, ಮುಕ್ಕಾಲು ಇಂಚು ಎಂದರೆ ಸುಮಾರು 19. ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ಸಿಗುವುದು 6 ಮತ್ತು 18 ಮಿಲಿಮೀಟರ್. ಆದ್ದರಿಂದ ನೂರಕ್ಕೆ ನೂರರ ಅಳತೆಯಲ್ಲಿ ಮುದ್ರಿಸಿ, ಕೈಯಲ್ಲಿರುವ ಹಲಗೆಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಗಾಡಿಯ ಗೆರೆಗಳನ್ನು ಪೆನ್ಸಿಲ್‌ನಿಂದ ತಿದ್ದಿಕೊಂಡ ಮೇಲೆಯೇ ಬ್ಲೇಡನ್ನು ಮುಟ್ಟಬೇಕು. ಪರರ ವಿನ್ಯಾಸದ ಮೇಲೆ ನಮ್ಮ ಕೈ ಮೊದಲು ಆಡುವುದು ಈ ತಿದ್ದುವಿಕೆಯಲ್ಲಿಯೇ. ಅದನ್ನು ಬೇಸರವೆಂದು ತಿಳಿಯದೆ ಪಾಠವೆಂದು ತಿಳಿದವರು ಬೇಗ ಮುಂದೆ ಹೋಗುತ್ತಾರೆ.

ಯಂತ್ರವನ್ನು ನೋಡಿಕೊಂಡೇ ವಿನ್ಯಾಸವನ್ನು ಆರಿಸಬೇಕೆಂಬುದೂ ಗಮನದಲ್ಲಿರಲಿ. ಕಡಿಮೆ ಬೆಲೆಯ ಕೆಲವು ಯಂತ್ರಗಳು ತುದಿಯಲ್ಲಿ ಪಿನ್ ಇರುವ ಬ್ಲೇಡನ್ನು ಮಾತ್ರ ಹಿಡಿಯುತ್ತವೆ. ಆ ಪಿನ್ ದಾಟಲು ದೊಡ್ಡ ರಂಧ್ರವೇ ಬೇಕು. ಪಿನ್ ಇಲ್ಲದ ಬ್ಲೇಡು ಒಂದು ಮಿಲಿಮೀಟರಿನ ಆಸುಪಾಸಿನ ರಂಧ್ರದಲ್ಲಿ ತೂರುತ್ತದೆ. ಸಂಗ್ರಹದಲ್ಲಿರುವ ಸೂಕ್ಷ್ಮವಾದ ಒಳಕತ್ತರಿಕೆಯ ವಿನ್ಯಾಸಗಳಿಗೆ ಈ ಎರಡನೆಯ ಬಗೆಯ ಬ್ಲೇಡೇ ಆಗಬೇಕು.

ಇನ್ನು ನನ್ನ ಮೊದಲ ಅಳತೆ. ಈ ಸಂಗ್ರಹದ ನಿಲುವು ಸರಳವಾಗಿದೆ: ವಿನ್ಯಾಸವನ್ನು ಬಳಸಿ ಮಾಡಿದ ವಸ್ತುವನ್ನು ನೀವು ಮಾರಬಹುದು, ವಿನ್ಯಾಸವನ್ನೇ ಮಾರಬಾರದು. ಇದನ್ನು ಓದಿದ ಹವ್ಯಾಸಿಗೆ ಸಂಶಯ ಉಳಿಯುವುದಿಲ್ಲ. ಅಮೆರಿಕದ ಮರಗೆಲಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಒಕ್ಕಣೆ ಇದಕ್ಕಿಂತ ಬಿಗಿಯಾದುದು; ಓದುಗರು ಸ್ವಂತ ಬಳಕೆಗೆ ಪ್ರತಿ ತೆಗೆದುಕೊಳ್ಳಬಹುದು, ಆ ಪ್ರತಿಯನ್ನು ಹಂಚಬಾರದು ಮತ್ತು ಮಾರಬಾರದು ಎಂದು ಅದು ಹೇಳುತ್ತದೆ, ಮಾಡಿದ ವಸ್ತುವಿನ ಮಾರಾಟದ ಬಗ್ಗೆ ಕೆಲವೊಮ್ಮೆ ಮೌನವಾಗಿರುತ್ತದೆ. ಇವೆರಡಕ್ಕೂ ಹೊರತಾದ ಮೂರನೆಯ ಬಗೆಯೊಂದು ಈಗ ಎಲ್ಲೆಡೆ ಹರಡಿದೆ. ಅತ್ಯಲ್ಪ ಬೆಲೆಗೆ ಸಾವಿರಗಟ್ಟಲೆ ವಿನ್ಯಾಸಗಳ ಕಟ್ಟನ್ನು ಮಾರುವವರು ಆ ಗೆರೆಗಳನ್ನು ಯಾರು ಬರೆದರು ಎಂಬುದನ್ನು ಎಲ್ಲಿಯೂ ನಮೂದಿಸುವುದಿಲ್ಲ. ಅಂಥ ಕಟ್ಟುಗಳನ್ನು ಯಾರೂ ಕೊಳ್ಳಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಉಚಿತವಾಗಿ ಹಂಚಲು ಒಬ್ಬರು ಶ್ರಮಪಟ್ಟು ಬರೆದದ್ದನ್ನೇ ಹೆಸರು ಕಿತ್ತು ಮಾರುವುದು ಆ ಕಟ್ಟುಗಳಲ್ಲಿ ಸುಲಭವಾಗಿ ನಡೆಯಬಲ್ಲದು, ಮತ್ತು ಕೊಂಡವರ ಬಳಿ ಅದನ್ನು ತಿಳಿಯಲು ಯಾವ ದಾರಿಯೂ ಇರುವುದಿಲ್ಲ.

ದೂರದ ದೇಶದ ವಿನ್ಯಾಸಕ್ಕೆ ಇಲ್ಲಿ ಯಾವ ರಕ್ಷಣೆ ಎಂದು ಕೇಳುವವರಿದ್ದಾರೆ. ಭಾರತ ಮತ್ತು ಅಮೆರಿಕ ಎರಡೂ, ಪರಸ್ಪರರ ಕೃತಿಸ್ವಾಮ್ಯವನ್ನು ಮನ್ನಿಸುವ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳು, ಆದ್ದರಿಂದ ಅಲ್ಲಿಯ ಚಿತ್ರಕ್ಕೆ ಇಲ್ಲಿಯೂ ಕೃತಿಸ್ವಾಮ್ಯವಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 14ನೆಯ ಕಲಮಿನ ಪ್ರಕಾರ ಚಿತ್ರವೊಂದನ್ನು ಬೇರೆ ರೂಪದಲ್ಲಿ ಪುನಃ ಸೃಷ್ಟಿಸುವ ಹಕ್ಕು, ಅಂದರೆ ಕಾಗದದ ಮೇಲಿನದನ್ನು ಘನವಸ್ತುವಾಗಿ ಮಾಡುವ ಹಕ್ಕೂ, ಚಿತ್ರಕಾರನಿಗೇ ಸೇರುತ್ತದೆ. ಸ್ವಂತಕ್ಕಾಗಿ ನ್ಯಾಯವಾಗಿ ಬಳಸುವುದಕ್ಕೆ 52ನೆಯ ಕಲಮು ಅವಕಾಶ ಕೊಟ್ಟಿದೆ. ಮಾರಾಟಕ್ಕೆ ಚಿತ್ರಕಾರನ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಮುಂಚಿತವಾಗಿಯೇ ಕೊಟ್ಟಿರುವುದರಿಂದ ಸ್ಟೀವ್ ಗುಡ್ ಅವರ ಸಂಗ್ರಹ ಸಂತೆಯಲ್ಲಿ, ಕರಕುಶಲ ಮೇಳಗಳಲ್ಲಿ ಮಳಿಗೆ ಹಾಕುವವರಿಗೆ ನಿಜವಾಗಿ ಉಪಕಾರಿ.

ಕಾಯಿದೆಯ ಒಪ್ಪಿಗೆ ಸಿಕ್ಕಿದ ಮೇಲೂ ಸ್ವಂತಿಕೆಯ ಪ್ರಶ್ನೆ ಮುಗಿಯುವುದಿಲ್ಲ. ಗೆರೆ ಇನ್ನೊಬ್ಬರದಾದರೆ ಕತ್ತರಿಸಿದವರ ಪಾಲು ಏನು? ಬಹಳಷ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ವಿನ್ಯಾಸವನ್ನು ಇಬ್ಬರು ಕೈಗೆತ್ತಿಕೊಂಡರೆ, ಮರದ ಎಳೆ ಯಾವ ದಿಕ್ಕಿಗೆ ಓಡಬೇಕು ಎಂಬುದನ್ನು ಅವರವರೇ ತೀರ್ಮಾನಿಸುತ್ತಾರೆ. ಎಳೆಗೆ ಅಡ್ಡವಾಗಿ ಉಳಿದ ತೆಳು ಭಾಗ ಮುರಿಯುತ್ತದೆ, ಎಳೆಯ ಉದ್ದಕ್ಕೆ ಉಳಿದದ್ದು ಬಾಳುತ್ತದೆ. ಒಳಗಿನ ಕಂಡಿಗಳನ್ನು ಮೊದಲು ತೆಗೆದು ಹೊರಗಿನ ಅಂಚನ್ನು ಕೊನೆಗೆ ಬಿಡುವುದು, ಅತಿ ಸೂಕ್ಷ್ಮವಾದ ಭಾಗವನ್ನು ಹಲಗೆ ಇನ್ನೂ ಗಟ್ಟಿಯಾಗಿರುವಾಗಲೇ ಮುಗಿಸುವುದು, ಮೂರು ಮಿಲಿಮೀಟರಿನ ಪ್ಲೈಗೆ ಎರಡನೆಯ ಸಂಖ್ಯೆಯ ಬ್ಲೇಡು ಸಾಕೋ ದಪ್ಪ ತೇಗಕ್ಕೆ ಐದನೆಯದೇ ಬೇಕೋ ಎಂದು ನಿರ್ಧರಿಸುವುದು, ಚೂಪಾದ ಮೂಲೆಯಲ್ಲಿ ಹಲಗೆಯನ್ನು ನಿಂತಲ್ಲಿಯೇ ತಿರುಗಿಸುವುದು ಇವೆಲ್ಲ ಕಾಗದದಲ್ಲಿ ಬರೆದಿರುವುದಿಲ್ಲ. ಪುರಂದರದಾಸರ ಕೀರ್ತನೆಯನ್ನು ಹಾಡುವ ವಿದ್ವಾಂಸರು ರಾಗದ ವಿಸ್ತಾರದಲ್ಲಿ ಸಂಪೂರ್ಣವಾಗಿ ತಮ್ಮವರಾಗಿದ್ದೂ ಅಂಕಿತದ ಸಾಲನ್ನು ಬಿಡದೆ ಹಾಡುತ್ತಾರಷ್ಟೆ. ಸ್ಕ್ರೋಲ್ ಸಾ ಕೆಲಸದಲ್ಲಿಯೂ ಕೈಯ ಹೆಮ್ಮೆ ಮತ್ತು ಗೆರೆಯ ಋಣ ಹೀಗೆ ಒಟ್ಟಿಗೆ ಇರಬಲ್ಲವು.

ಆದರೆ ಗೆರೆಯ ಹಿಂದಿನ ಶ್ರಮವನ್ನು ಕಾಣದವರು ಈ ಋಣವನ್ನು ಹಗುರವಾಗಿ ಎಣಿಸುತ್ತಾರೆ. ಮುಖಚಿತ್ರದ ವಿನ್ಯಾಸವನ್ನೇ ನೋಡಿ. ಛಾಯಾಚಿತ್ರದಲ್ಲಿ ನೂರಾರು ಬಗೆಯ ನೆರಳುಗಳಿರುತ್ತವೆ, ಸ್ಕ್ರೋಲ್ ಸಾ ವಿನ್ಯಾಸದಲ್ಲಿ ಇರುವುದು ಎರಡೇ: ಉಳಿಯುವ ಮರ, ಹೋಗುವ ಮರ. ಅಷ್ಟೂ ನೆರಳುಗಳಲ್ಲಿ ಯಾವುದನ್ನು ಕತ್ತರಿಸಬೇಕು ಎಂದು ಆರಿಸುವಾಗ, ಉಳಿಯುವ ಮರದ ಪ್ರತಿಯೊಂದು ತುಂಡೂ ಇನ್ನೊಂದಕ್ಕೆ ಎಲ್ಲಿಯಾದರೂ ಅಂಟಿಕೊಂಡಿರುವಂತೆ ನೋಡಿಕೊಳ್ಳಬೇಕು. ಹಾಗೆ ಅಂಟಿಸುವ ಕಿರು ಸೇತುವೆಗಳನ್ನು ಮೂಗಿನ ನೆರಳಿನಲ್ಲೋ ಕೂದಲಿನ ಎಳೆಯಲ್ಲೋ ಕಣ್ಣಿಗೆ ಕಾಣದಂತೆ ಅಡಗಿಸುವುದೇ ವಿನ್ಯಾಸಕಾರರ ಕಲೆ. ಎರಡು ಎಲೆ ಸೇರಿಸಿ, ಅಂಚನ್ನು ಬದಲಿಸಿ ಇದು ನನ್ನದು ಎನ್ನುವವರು ಆ ಸೇತುವೆಗಳನ್ನು ಹಾಗೆಯೇ ಇಟ್ಟುಕೊಂಡಿರುತ್ತಾರೆ. ವಿನ್ಯಾಸ ಯಾರದು ಎಂದು ತಿಳಿಯಲು ನಾನು ಮೊದಲು ನೋಡುವುದು ಅವುಗಳನ್ನೇ. ಜನಪ್ರಿಯ ನಟರ ಮುಖಗಳನ್ನು ಕತ್ತರಿಸಿ ಮಾರುವವರು, ಮೂಲ ಛಾಯಾಚಿತ್ರಕ್ಕೂ ಒಬ್ಬ ಹಕ್ಕುದಾರರಿದ್ದಾರೆಂಬುದನ್ನು ಮರೆಯಬಾರದು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಫೋಟೋವನ್ನು ಕಪ್ಪುಬಿಳುಪು ಮಾಡಿದ ಮಾತ್ರಕ್ಕೆ ಆ ಹಕ್ಕು ಕರಗುವುದಿಲ್ಲ.

ಎರಡನೆಯ ಅಳತೆಯಲ್ಲಿ, ಅಂದರೆ ಕಲಿಸುವ ಗುಣದಲ್ಲಿ, ಈ ಸಂಗ್ರಹ ನನ್ನನ್ನು ಬಹುವಾಗಿ ಮೆಚ್ಚಿಸಿದೆ. ಒಬ್ಬರೇ ವ್ಯಕ್ತಿ ಇಷ್ಟೊಂದು ವಿನ್ಯಾಸಗಳನ್ನು ಒಂದರ ನಂತರ ಒಂದು ಬರೆಯುತ್ತ ಬಂದಿರುವುದರಿಂದ, ಒಂದೇ ಸಮಸ್ಯೆಗೆ ಬೇರೆ ಬೇರೆ ಪರಿಹಾರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು: ಅಕ್ಷರದ ನಡುವಿನ ತುಂಡು ಬೀಳದಂತೆ ಇಲ್ಲಿ ಏನು ಮಾಡಿದ್ದಾರೆ, ಅಲ್ಲಿ ಏನು ಮಾಡಿದ್ದಾರೆ, ಪ್ರಾಣಿಯ ಕಾಲುಗಳು ಮುರಿಯದಂತೆ ಹುಲ್ಲನ್ನು ಎಲ್ಲಿ ತಂದು ಸೇರಿಸಿದ್ದಾರೆ ಎಂದು. ಉಚಿತ ವಿನ್ಯಾಸ ಹಂಚುವ ಪರಂಪರೆಯೂ ಹಳೆಯದು. ಇಂಗ್ಲೆಂಡಿನ ನಾರ್ಫಕ್‌ನ ಡಿರಮ್ ಊರಿನಲ್ಲಿದ್ದ ಹಾಬೀಸ್ ಸಂಸ್ಥೆ 1895ರಲ್ಲಿ ಆರಂಭಿಸಿದ ವಾರಪತ್ರಿಕೆ, ಸಣ್ಣ ಗರಗಸದ ಕುಸುರಿಗೆ ಬೇಕಾದ ವಿನ್ಯಾಸದ ಹಾಳೆಗಳನ್ನು ಓದುಗರಿಗೆ ಉಚಿತವಾಗಿ ಕೊಡುತ್ತಿತ್ತು.

ಕನ್ನಡಿಗರಿಗೆ ಈ ಸಂಗ್ರಹ ಕೊಡಲಾರದ ಒಂದು ವಸ್ತುವಿದೆ, ಅದು ಕನ್ನಡ ಅಕ್ಷರ. ಮನೆಯ ಹೆಸರಿನ ಫಲಕ, ಮದುವೆಯ ಉಡುಗೊರೆ, ಮಕ್ಕಳ ಅಕ್ಷರದ ಪಜಲ್ ಇವೇ ನಮ್ಮಲ್ಲಿ ಹೆಚ್ಚು ಜನ ಕೇಳುವ ವಸ್ತುಗಳು, ಮತ್ತು ಇವುಗಳಿಗೆ ಇಂಗ್ಲಿಷ್ ಅಕ್ಷರ ಫಲಕದ ವಿನ್ಯಾಸವನ್ನು ಹಾಗೆಯೇ ಹೊಂದಿಸಲು ಬರುವುದಿಲ್ಲ. ಹಲಗೆಯಲ್ಲಿ ಅಕ್ಷರವನ್ನು ಕಂಡಿಯಾಗಿ ತೆಗೆದರೆ ‘ಠ’ದ ನಡುವಿನ ಚುಕ್ಕೆ ಕಂಡಿಯ ಒಳಗಿನ ಕಂಡಿಯಾಗುತ್ತದೆ, ಅದರ ಸುತ್ತ ಉಳಿಯಬೇಕಾದ ಮರದ ಉಂಗುರವು ಹಿಡಿತವಿಲ್ಲದೆ ಕೆಳಗೆ ಬೀಳುತ್ತದೆ, ‘ಂ’ ಸೊನ್ನೆಯ ಒಡಲೂ ಹಾಗೆಯೇ. ಅಕ್ಷರವನ್ನೇ ಮರವಾಗಿ ಉಳಿಸಿ ಸುತ್ತಲಿನದನ್ನು ತೆಗೆದರೆ ತೊಂದರೆ ತಿರುವುಮುರುವಾಗುತ್ತದೆ: ಚುಕ್ಕೆ ಬಿಡಿಯಾಗಿ ಬಿದ್ದು ‘ಠ’ವು ‘ರ’ದಂತೆ ಕಾಣುತ್ತದೆ, ಸೊನ್ನೆ ಒಂಟಿಯಾಗುತ್ತದೆ, ಒತ್ತಕ್ಷರಗಳು ಕೆಳಗೆ ಬೇರೆಯಾಗಿ ಉಳಿಯುತ್ತವೆ, ದೀರ್ಘದ ಕೊಂಬು ಮತ್ತು ಅರ್ಕಾವತ್ತು ಬಲಕ್ಕೆ ಸರಿದು ನಿಲ್ಲುತ್ತವೆ, ‘ಪ’ದಂಥ ಅಕ್ಷರಗಳಲ್ಲಿ ಅನೇಕ ಫಾಂಟುಗಳು ತಲೆಕಟ್ಟನ್ನೂ ಮೈಯಿಂದ ಬಿಡಿಸಿರುತ್ತವೆ. ಇಷ್ಟೂ ತುಂಡುಗಳನ್ನು, ಓದುವವರ ಕಣ್ಣಿಗೆ ಅಡ್ಡಿಯಾಗದಂತೆ ಜೋಡಿಸುವುದು ಹೇಗೆ? ಅಕ್ಷರಗಳ ಹಿಂದೆ ಒಂದು ಬಳ್ಳಿಯನ್ನು ಹರಿಸಬಹುದು. ಒತ್ತಕ್ಷರಗಳೆಲ್ಲ ಕೂರುವಂತೆ ಕೆಳಗೆ ಒಂದು ಪಟ್ಟಿಯನ್ನು ಕೊಡಬಹುದು. ಮುಂದಿನ ಅಕ್ಷರದ ಹೊಟ್ಟೆಗೆ ಹಿಂದಿನದರ ಕೊಂಬನ್ನು ತಾಕಿಸಬಹುದು. ಒಂದೊಂದು ಹೆಸರಿಗೂ ಹೊಸ ಉತ್ತರ ಬೇಕಾಗುತ್ತದೆ, ಆದ್ದರಿಂದಲೇ ಇಲ್ಲಿ ಸ್ವಂತಿಕೆ ಅನಿವಾರ್ಯ. ಸೇತುವೆಗಳ ಪಾಠವನ್ನು ಸ್ಟೀವ್ ಗುಡ್ ಅವರ ವಿನ್ಯಾಸಗಳಲ್ಲಿ ಚೆನ್ನಾಗಿ ಓದಿಕೊಂಡವರಿಗೆ ಈ ಕೆಲಸ ಕೈಗೆ ಬರುತ್ತದೆ. ಸಂಗ್ರಹದ ಅತ್ಯಂತ ದೊಡ್ಡ ಪ್ರಯೋಜನವೇ ಅದು ಎನ್ನುವೆ.

ಇದಕ್ಕೆ ಬೇಕಾದ ಸಾಧನಗಳೂ ಉಚಿತವಾಗಿವೆ. ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಕನ್ನಡದಲ್ಲಿ ಬರೆದ ಹೆಸರನ್ನು ಗೆರೆಯಾಗಿ ಪರಿವರ್ತಿಸಿ, ಸೇತುವೆಗಳನ್ನು ಎಳೆದು, ಎಲ್ಲವನ್ನೂ ಒಂದೇ ಆಕೃತಿಯಾಗಿ ಬೆಸೆಯಬಹುದು. ಫಾಂಟಿಗೂ ಒಬ್ಬ ಕರ್ತೃ ಇರುತ್ತಾನೆ, ಆದ್ದರಿಂದ ಅದರ ಪರವಾನಗಿಯನ್ನು ನೋಡಬೇಕು. ‘ಬಾಲೂ ತಮ್ಮ’ ಮತ್ತು ‘ನೋಟೋ ಸಾನ್ಸ್ ಕನ್ನಡ’ ಫಾಂಟುಗಳು ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ಅವುಗಳಿಂದ ಮಾಡಿದ ವಸ್ತುವನ್ನು ಮಾರಲು ಅಡ್ಡಿಯಿಲ್ಲ, ಫಾಂಟನ್ನು ಬಿಡಿಯಾಗಿ ಮಾರುವಂತಿಲ್ಲ. ಇವುಗಳಲ್ಲಿ ಎಕ್ ಟೈಪ್ ಸಂಸ್ಥೆಯ ಬಾಲೂ ತಮ್ಮದ ದುಂಡನೆಯ ದಪ್ಪ ಗೆರೆ ಗರಗಸಕ್ಕೆ ಬಹಳ ಒಗ್ಗುತ್ತದೆ.

ವಿನ್ಯಾಸವನ್ನು ಅರಸಿ ಪರದೇಶಕ್ಕೇ ಹೋಗಬೇಕೆಂದೂ ಇಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳು, ಅಂದರೆ ಕಂಡಿಗಳನ್ನು ಕೊರೆದ ಕಲ್ಲಿನ ಪರದೆಗಳು, ಸ್ಕ್ರೋಲ್ ಸಾ ಹಿಡಿದವರಿಗೆ ಸಿದ್ಧಪಾಠಗಳು, ಏಕೆಂದರೆ ಕಲ್ಲಿನಲ್ಲಿಯೂ ಉಳಿಯುವ ಭಾಗಗಳೆಲ್ಲ ಒಂದಕ್ಕೊಂದು ತಾಗಿರಲೇಬೇಕು. ಚುಕ್ಕಿ ರಂಗೋಲಿ ಯಾರೊಬ್ಬರ ಸೊತ್ತೂ ಅಲ್ಲ. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸವಂತೂ ಸ್ಕ್ರೋಲ್ ಸಾ ಕೆಲಸಕ್ಕೆ ಒಡಹುಟ್ಟು: ಅಲ್ಲಿ ಚಿತ್ರವನ್ನು ಕಾಗದದಲ್ಲಿ ಬರೆದು, ಬಣ್ಣಬಣ್ಣದ ಮರಗಳ ತೆಳು ಹಾಳೆಯಲ್ಲಿ ಆ ತುಂಡುಗಳನ್ನು ಸಣ್ಣ ಗರಗಸದಿಂದ ಕೊಯ್ದು, ಬೀಟೆಯ ಹಲಗೆಯಲ್ಲಿ ತಗ್ಗು ತೆಗೆದು ಕೂರಿಸುತ್ತಾರೆ. ಆನೆಯ ದಂತದ ಕೆಲಸ ಕಾನೂನಿನಿಂದ ನಿಂತ ಮೇಲೆ ಮರದ ಸಹಜ ಬಣ್ಣಗಳೇ ಅದರ ಭಾಷೆಯಾದವು. 2005-06ರಲ್ಲಿ ಭೌಗೋಳಿಕ ಸೂಚಿಯ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ನೋಂದಣಿಯ, ಮಾನ್ಯತೆ ಪಡೆದ ಆ ಕಸುಬಿನ ಹೆಸರನ್ನು, ಅಲ್ಲಿಯ ಆಚಾರಿಗಳಲ್ಲದವರು ತಮ್ಮ ಪ್ಲೈವುಡ್ ಫಲಕಕ್ಕೆ ಅಂಟಿಸಬಾರದು. ಅದರಿಂದ ಕಲಿಯಲು ಮಾತ್ರ ಯಾರೂ ಅಡ್ಡಿಪಡಿಸುವುದಿಲ್ಲ.

ಸ್ವಂತ ವಿನ್ಯಾಸ ಮಾಡಿ ಮಾರುವ ಮಟ್ಟಕ್ಕೆ ಬಂದವರು ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮನ್ನು ತಿಳಿದಿರಬೇಕು. ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ವಸ್ತುವಾಗಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಅಲ್ಲಿಗೆ ನಿಲ್ಲುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಣಿ ಮಾಡಿಸಿದರೆ ಮೊದಲಿಗೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಲೋಕಕ್ಕೆ ತೋರಿಸುವ ಮೊದಲೇ ಅರ್ಜಿ ಹಾಕಿರಬೇಕು.

ಹೊಸಬರಿಗೆ ಈ ಸಂಗ್ರಹವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಮೊದಲು ಬಿಡಿ ಪ್ರಾಣಿಗಳ ಪಜಲ್ ಆರಿಸಿ, ನಂತರ ಒಳಕತ್ತರಿಕೆ ಕಡಿಮೆಯಿರುವ ಫಲಕಕ್ಕೆ ಹೋಗಿ, ಗಾಡಿ ಜೋಡಣೆಯ ಬುಟ್ಟಿಗಳನ್ನು ಅಳತೆ ತಿದ್ದಲು ಬಂದ ಮೇಲೆ ಹಿಡಿಯಿರಿ. ಮಳಿಗೆಯವರಿಗೂ ಇದು ಸುರಕ್ಷಿತ. ಅವರಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಮಾರುವ ಪ್ರತಿಯೊಂದು ವಸ್ತುವಿನ ಹಿಂಬದಿಯಲ್ಲಿ ವಿನ್ಯಾಸ ಯಾರದು, ಮರಗೆಲಸ ಯಾರದು ಎಂದು ಎರಡು ಸಾಲು ಬರೆಯಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೆಲಸದ ಮೇಲೆಯೇ ಹೆಸರು ಕೊರೆದರು. ಹೆಸರು ಬರೆಯುವುದು ಈ ನಾಡಿನ ಕುಶಲಕರ್ಮಿಗಳಿಗೆ ಹೊಸದಲ್ಲ. ಪೆನ್ಸಿಲ್‌ನಿಂದ ಬರೆದರೆ ಪಾಲಿಶ್ ಹಚ್ಚುವಾಗ ಅಳಿಸಿಹೋಗುತ್ತದೆ, ಆದ್ದರಿಂದ ಸುಟ್ಟು ಬರೆಯುವ ಕಡ್ಡಿಯನ್ನು ಬಳಸುವುದು ಲೇಸು. ವಿನ್ಯಾಸ ಯಾರದೆಂದು ಎಷ್ಟು ಹುಡುಕಿದರೂ ತಿಳಿಯದಿದ್ದರೆ ಆ ವಸ್ತುವನ್ನು ಮನೆಯ ಗೋಡೆಗೆ ತೂಗುಹಾಕಿಕೊಳ್ಳಿ, ಮಳಿಗೆಯಲ್ಲಿ ಇಡಬೇಡಿ.